ಪಿಸಿಬಿ ಮನೆಯಲ್ಲೇ ಮಾಡೋದಾ, ಮಾಡಿಸೋದಾ? ಫೋಟೋ ಫೋನಲ್ಲಾ, ಸ್ಕ್ಯಾನರಲ್ಲಾ?

ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರು ಚುಚ್ಚಿ ಪ್ರಯೋಗ ಮಾಡುವ ಹಲಗೆ) ಮೇಲೆ ಸರ್ಕ್ಯೂಟ್ ಕೆಲಸ ಮಾಡಿತು ಅಂದಮೇಲೆ ಅದನ್ನು ಗಟ್ಟಿಯಾಗಿ ಕೂರಿಸಬೇಕು ಅನಿಸುತ್ತದೆ. ವೈರು ಸಡಿಲವಾಗಬಾರದು, ಡಬ್ಬಿಯೊಳಗೆ ಹಿಡಿಸಬೇಕು, ಎಷ್ಟೋ ದಿನ ಬಿಟ್ಟು ಸ್ವಿಚ್ ಹಾಕಿದರೂ ನಡೆಯಬೇಕು. ಅದಕ್ಕೆ ಪಿಸಿಬಿಯೇ, ಅಂದರೆ ತಾಮ್ರದ ಗೆರೆಗಳೇ ವೈರಿನ ಕೆಲಸ ಮಾಡುವ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡೇ ಆಗಬೇಕು. ಹವ್ಯಾಸಿಗಳಿಗೆ ಮುಖ್ಯವಾಗಿ ನಾಲ್ಕು ದಾರಿ ಇವೆ. ಲೇಸರ್ ಪ್ರಿಂಟಿನ ಟೋನರನ್ನು ಇಸ್ತ್ರಿ ಮಾಡಿ ತಾಮ್ರಕ್ಕೆ ಅಂಟಿಸಬಹುದು. ಬೆಳಕು ಬಿದ್ದರೆ ಬದಲಾಗುವ ಫಿಲ್ಮ್ ಹಚ್ಚಿ ಅದರ ಮೇಲೆ ಚಿತ್ರ ಮೂಡಿಸಬಹುದು. ಕಂಪ್ಯೂಟರ್ ನಡೆಸುವ ಸಣ್ಣ ಸಿಎನ್‌ಸಿ ಮೆಷಿನ್‌ನಲ್ಲಿ ಕೆತ್ತಬಹುದು. ಇಲ್ಲವೇ ಫೈಲ್ ಕಳಿಸಿ ಫ್ಯಾಕ್ಟರಿಯಲ್ಲಿ ಮಾಡಿಸಬಹುದು.

ಯಾವುದು ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರೂ ತಾವು ಮಾಡುವುದನ್ನೇ ಹೇಳುತ್ತಾರೆ. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ನಿಮ್ಮ ಬೋರ್ಡಿನಲ್ಲಿ ಅತಿ ಸಣ್ಣ ಸಂದು, ಅಂದರೆ ಎರಡು ತಾಮ್ರದ ಗೆರೆಗಳ ನಡುವಿನ ಜಾಗ, ಎಷ್ಟು ಮಿಲಿಮೀಟರ್? ಬೋರ್ಡ್ ಸರಿಯಾಗಿ ಬಂದಿದೆ ಅಂತ ಹೇಗೆ ಪರೀಕ್ಷೆ ಮಾಡುತ್ತೀರಿ?

ಎರಡನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮನೆಯಲ್ಲಿ ಮಾಡಿದ ಬೋರ್ಡಿಗೆ ಫ್ಯಾಕ್ಟರಿಯ ಟೆಸ್ಟಿಂಗ್ ಇರುವುದಿಲ್ಲ. ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಶಾರ್ಟ್. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಒಂದು ಒಳ್ಳೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಎದ್ದು ಕಾಣುತ್ತದೆ. ಹಾಗಾಗಿ ನನಗೆ ಫೋಟೋ ಅಂದರೆ ಎಲ್ಲ ಮುಗಿದ ಮೇಲೆ ತೋರಿಸಿಕೊಳ್ಳಲು ಮಾತ್ರ ತೆಗೆಯುವಂಥದ್ದಲ್ಲ. ಬೋರ್ಡ್ ಮಾಡುವ ಕೆಲಸದಲ್ಲೇ ಅದೂ ಒಂದು ಹಂತ. ಮಾಡುವ ವಿಧಾನವನ್ನೂ ಫೋಟೋ ತೆಗೆಯುವ ವಿಧಾನವನ್ನೂ ಒಟ್ಟಿಗೇ ಆರಿಸಿಕೊಳ್ಳಿ ಅನ್ನುವುದು ಅದಕ್ಕೇ.

ಮೊದಲು ಸಂದು ಅಳೆಯಿರಿ

ನೀವು ಹಾಕುವ ಭಾಗಗಳೇ ಅರ್ಧ ತೀರ್ಮಾನ ಮಾಡಿಬಿಡುತ್ತವೆ. ಹಳೆಯ ಡಿಐಪಿ ಐಸಿಗಳ (ತೂತಿಗೆ ಕಾಲು ತೂರಿಸುವ ಚಿಪ್ಪುಗಳ) ಕಾಲುಗಳು 2.54 ಮಿ.ಮೀ. ದೂರದಲ್ಲಿರುತ್ತವೆ. ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ಜಾಗ) 1.6 ಮಿ.ಮೀ. ಇಟ್ಟರೆ ನಡುವೆ 0.94 ಮಿ.ಮೀ. ಉಳಿಯುತ್ತದೆ. ಅಲ್ಲಿ 0.3 ಮಿ.ಮೀ. ಗೆರೆ ಒಂದನ್ನು ತೂರಿಸಿದರೂ ಎರಡೂ ಕಡೆ 0.32 ಮಿ.ಮೀ. ಜಾಗ ಸಿಗುತ್ತದೆ. ಯಾವ ವಿಧಾನಕ್ಕೂ ಇದು ಕಷ್ಟವಲ್ಲ. ಬೋರ್ಡಿನ ಮೇಲ್ಮೈಗೇ ಬೆಸೆಯುವ ಎಸ್‌ಒಐಸಿ ಭಾಗಗಳಲ್ಲಿ ಕಾಲಿಂದ ಕಾಲಿಗೆ 1.27 ಮಿ.ಮೀ. ಅದೂ ಸುಲಭವೇ. ಆರ್ಡುಯಿನೋದಲ್ಲಿ ಬರುವ ಎಟಿಮೆಗಾ328ರ ಚಪ್ಪಟೆ ರೂಪದಲ್ಲಿ ಈ ದೂರ 0.8 ಮಿ.ಮೀ.ಗೆ ಇಳಿಯುತ್ತದೆ. ಇನ್ನೂ ಚಿಕ್ಕದಾದ ಟಿಎಸ್‌ಎಸ್‌ಒಪಿ ಐಸಿಗಳಲ್ಲಿ 0.65. ಈಗಿನ ಎಷ್ಟೋ ಮೈಕ್ರೋಕಂಟ್ರೋಲರ್‌ಗಳಲ್ಲಿ 0.5. ಇಲ್ಲಿಗೆ ಬಂದರೆ ಪ್ಯಾಡ್‌ಗಳ ನಡುವಿನ ಸಂದು 0.2 ಮಿ.ಮೀ. ಆಸುಪಾಸು.

ಇನ್ನೊಂದು ಲೆಕ್ಕ ಇದರ ಜೊತೆ ಸೇರಿಸಿಕೊಳ್ಳಬೇಕು. ಸಾಮಾನ್ಯ ಬೋರ್ಡಿನ ತಾಮ್ರ ಸುಮಾರು 35 ಮೈಕ್ರಾನ್ ದಪ್ಪ. ಬೇಡದ ತಾಮ್ರವನ್ನು ಕರಗಿಸುವ ಎಚಿಂಗ್ ದ್ರಾವಣ ಕೆಳಗೆ ಮಾತ್ರ ತಿನ್ನುವುದಿಲ್ಲ, ಪಕ್ಕಕ್ಕೂ ತಿನ್ನುತ್ತದೆ. ದಪ್ಪ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಒಂದೊಂದು ಬದಿಯಿಂದಲೂ ಹೋಗಬಹುದು ಅಂದುಕೊಳ್ಳಿ. 0.5 ಮಿ.ಮೀ. ಗೆರೆಗೆ ಇದು ಲೆಕ್ಕಕ್ಕೇ ಬರುವುದಿಲ್ಲ. 0.15 ಮಿ.ಮೀ. ಗೆರೆ ಆದರೆ ಅರ್ಧಕ್ಕೆ ಅರ್ಧ ಹೋದಂತೆ. ಸಣ್ಣ ಗೆರೆ ಬೇಕೇಬೇಕು ಅಂದರೆ 18 ಮೈಕ್ರಾನ್ ತಾಮ್ರದ ಬೋರ್ಡ್ ತೆಗೆದುಕೊಳ್ಳಿ. ಬೇಗ ಕರಗುತ್ತದೆ, ಪಕ್ಕದ ಕೊರೆತವೂ ಅರ್ಧವಾಗುತ್ತದೆ.

ಟೋನರ್ ವಿಧಾನ

ಇದಕ್ಕೆ ಬೇಕಾದದ್ದು ಲೇಸರ್ ಪ್ರಿಂಟರ್, ಹೊಳಪಿನ ಕಾಗದ, ಇಸ್ತ್ರಿ ಪೆಟ್ಟಿಗೆ ಅಥವಾ ಲ್ಯಾಮಿನೇಟರ್. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ. ಬಿಸಿಗೆ ಕರಗಿ ತಾಮ್ರಕ್ಕೆ ಅಂಟುತ್ತದೆ, ಆಮೇಲೆ ಎಚಿಂಗ್ ದ್ರಾವಣವನ್ನು ತಡೆಯುತ್ತದೆ. ಇಂಕ್‌ಜೆಟ್ ಪ್ರಿಂಟಿನಲ್ಲಿ ಈ ಪ್ಲಾಸ್ಟಿಕ್ ಇಲ್ಲ, ಹಾಗಾಗಿ ಅದು ಇಲ್ಲಿ ನಡೆಯುವುದಿಲ್ಲ.

ಕಾಗದದ ಮೇಲೆ ಅಕ್ಷರ ಉಲ್ಟಾ ಕಾಣಬೇಕು. ಆಗ ತಾಮ್ರದ ಮೇಲೆ ಸರಿಯಾಗಿ ಬೀಳುತ್ತದೆ. ಮೇಲಿನ ಪದರವೋ ಕೆಳಗಿನ ಪದರವೋ ಅಂತ ಗೊಂದಲ ಆದರೆ ಇದೊಂದನ್ನೇ ನೆನಪಿಟ್ಟುಕೊಳ್ಳಿ. ಅದಕ್ಕೇ ಪ್ರತಿ ಪದರದಲ್ಲೂ ಒಂದು ಅಕ್ಷರವಾದರೂ ಇರಲಿ.

ಈ ವಿಧಾನದ ನಿಜವಾದ ಕೆಲಸ ಇಸ್ತ್ರಿಯಲ್ಲಿಲ್ಲ, ಅದರ ಆಚೆಈಚೆ ಇದೆ. ಮೊದಲು ತಾಮ್ರವನ್ನು ಸ್ಕ್ರಬ್ಬರ್ ಹಾಕಿ ಉಜ್ಜಿ, ನೀರು ಹಾಕಿದರೆ ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡುವ ತನಕ ಚೊಕ್ಕ ಮಾಡಬೇಕು. ಆಮೇಲೆ ಬೆರಳು ತಾಗಿಸಬಾರದು. ಇಸ್ತ್ರಿ ಆದ ನಂತರ ಬೋರ್ಡನ್ನು ನೀರಿನಲ್ಲಿ ನೆನೆಸಿ, ಕಾಗದ ಮೆತ್ತಗಾಗುವ ತನಕ ಬಿಡಬೇಕು. ಎಳೆದು ಕೀಳಬಾರದು. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತಾ ಹೋದರೆ ಕಾಗದ ಸುರುಳಿಸುರುಳಿಯಾಗಿ ಬರುತ್ತದೆ. ಒದ್ದೆ ಇರುವಾಗ ಎಲ್ಲಾ ಹೋಗಿದೆ ಅನಿಸುತ್ತದೆ. ಒಣಗಿದ ಮೇಲೆ ನೋಡಿ, ಗೆರೆಗಳ ನಡುವೆ ಬಿಳಿಯ ನಾರು ಉಳಿದಿರುತ್ತದೆ. ಅದು ಅಲ್ಲೇ ಇದ್ದರೆ ಅದರ ಅಡಿಯ ತಾಮ್ರ ಕರಗುವುದಿಲ್ಲ, ಶಾರ್ಟ್ ಆಗುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಮತ್ತೆ ಒದ್ದೆ ಮಾಡಿ ಉಜ್ಜಬೇಕು.

ಬಿಸಿ ಕಮ್ಮಿಯಾದರೆ ಟೋನರ್ ಎದ್ದು ಬರುತ್ತದೆ. ಜಾಸ್ತಿಯಾದರೆ ಹರಡಿ ಗೆರೆ ದಪ್ಪವಾಗುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಡ ಒಂದೇ ಸಮ ಇರುವುದಿಲ್ಲ. ಲ್ಯಾಮಿನೇಟರ್ ಇದ್ದರೆ ಅದೇ ವಾಸಿ, ನಾಲ್ಕಾರು ಸಲ ತೂರಿಸಿದರೆ ಚೆನ್ನಾಗಿ ಕೂರುತ್ತದೆ. ಆದರೆ 1.6 ಮಿ.ಮೀ. ಬೋರ್ಡ್ ಎಲ್ಲ ಲ್ಯಾಮಿನೇಟರ್‌ಗಳಲ್ಲೂ ಹಿಡಿಯುವುದಿಲ್ಲ. ಅಂಥ ಕಡೆ 0.8 ಮಿ.ಮೀ. ಬೋರ್ಡ್ ನೋಡಿ. ಅಗಲವಾದ ಗ್ರೌಂಡ್ ಜಾಗಗಳಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ಪರ್ಮನೆಂಟ್ ಮಾರ್ಕರ್‌ನಿಂದ ಮುಚ್ಚಿದರೆ ಸಾಕು.

ನನ್ನ ಲೆಕ್ಕದಲ್ಲಿ 0.4 ಮಿ.ಮೀ. ಗೆರೆ, 0.4 ಮಿ.ಮೀ. ಸಂದು ಇದ್ದರೆ ಟೋನರ್ ವಿಧಾನ ನೆಮ್ಮದಿ. ಕೈ ಪಳಗಿದ ಮೇಲೆ 0.25ಕ್ಕೆ ಇಳಿಯಬಹುದು. ಅದಕ್ಕಿಂತ ಕೆಳಗೆ ಹೋಗಲು ಒದ್ದಾಡುವುದು ಬೇಡ.

ಫಿಲ್ಮ್ ವಿಧಾನ

ನನಗೆ ತುಂಬಾ ಇಷ್ಟವಾದದ್ದು ಇದು. ಬೋರ್ಡ್ ಮಾಡುವುದು ಅಂದರೆ ಇಲ್ಲಿ ಅಕ್ಷರಶಃ ಫೋಟೋ ತೊಳೆಯುವ ಕೆಲಸ. ಆಸ್ಟ್ರಿಯಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋದ ಎಂಜಿನಿಯರ್ ಪಾಲ್ ಐಸ್ಲರ್ 1930ರ ದಶಕದಲ್ಲಿ ತಾಮ್ರದ ಹಾಳೆಯನ್ನು ಕರಗಿಸಿ ಸರ್ಕ್ಯೂಟ್ ಉಳಿಸುವ ದಾರಿ ಹುಡುಕಿದಾಗ ಅವರಿಗೆ ಮುದ್ರಣದ ಕೆಲಸದ ಪರಿಚಯ ಇತ್ತು. ಪುಸ್ತಕ, ಪತ್ರಿಕೆಗಳ ಚಿತ್ರ ಅಚ್ಚು ಮಾಡುವ ತಂತ್ರವೇ ಇಲ್ಲಿಗೂ ಬಂತು. ಇವತ್ತಿನ ಫ್ಯಾಕ್ಟರಿಗಳಲ್ಲೂ ಬೆಳಕಿನಿಂದ ಚಿತ್ರ ಮೂಡಿಸುವ ಈ ಪದ್ಧತಿಯೇ ನಡೆಯುತ್ತಿದೆ.

ಇದರಲ್ಲಿ ಎರಡು ಬಗೆ. ಮೊದಲೇ ಲೇಪನ ಹಚ್ಚಿ ಮಾರುವ ಬೋರ್ಡುಗಳು ಸಾಮಾನ್ಯವಾಗಿ ಪಾಸಿಟಿವ್. ಬೆಳಕು ಬಿದ್ದ ಕಡೆ ಲೇಪನ ಕರಗಿ ಹೋಗುತ್ತದೆ, ಹಾಗಾಗಿ ಗೆರೆಗಳನ್ನು ಕಪ್ಪಾಗಿಯೇ ಪ್ರಿಂಟ್ ಮಾಡಬೇಕು. ಡ್ರೈ ಫಿಲ್ಮ್ ಅಂತ ಸುರುಳಿಯಲ್ಲಿ ಸಿಗುವುದು ನೆಗೆಟಿವ್. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಹಾಗಾಗಿ ಗೆರೆಗಳು ಪಾರದರ್ಶಕವಾಗಿ, ಉಳಿದದ್ದೆಲ್ಲ ಕಪ್ಪಾಗಿ ಇರಬೇಕು. ಲೇಪನ ಇರುವ ಬೋರ್ಡ್ ಸುಲಭ, ಹೊಸಬರಿಗೆ ಒಳ್ಳೆಯದು. ಆದರೆ ಹಳತಾದರೆ ಕೆಡುತ್ತದೆ, ಡೆವಲಪರ್‌ನಲ್ಲಿ (ಬೇಡದ ಲೇಪನ ತೊಳೆಯುವ ದ್ರಾವಣ) ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟರೂ ಗೆರೆಗಳೇ ಕರಗುತ್ತವೆ. ಡ್ರೈ ಫಿಲ್ಮ್ ಅಂಟಿಸುವುದು ಕಿರಿಕಿರಿ, ಆಮೇಲೆ ಎಲ್ಲಾ ಸಲೀಸು. ಬೋರ್ಡ್ ಪದೇಪದೇ ಮಾಡುವವರಾದರೆ ಡ್ರೈ ಫಿಲ್ಮ್ ಕಲಿಯಿರಿ.

ಡ್ರೈ ಫಿಲ್ಮಿಗೆ ಎರಡೂ ಕಡೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅಂಟಿಸುವ ಮುಂಚೆ ಒಳಬದಿಯದ್ದನ್ನು ಮಾತ್ರ ಕೀಳಬೇಕು. ಮೇಲಿನದ್ದು ಬೆಳಕು ತೋರಿಸಿ ಆಗುವ ತನಕ ಹಾಗೇ ಇರಬೇಕು, ಡೆವಲಪ್ ಮಾಡುವ ಮುಂಚೆ ತೆಗೆಯಬೇಕು. ಹೊದಿಕೆ ಬೇರ್ಪಡಿಸಲು ಮೂಲೆಯ ಎರಡೂ ಬದಿಗೆ ಸೆಲ್ಲೋಟೇಪ್ ತುಂಡು ಅಂಟಿಸಿ ಎಳೆದರೆ ಥಟ್ಟನೆ ಬರುತ್ತದೆ. ಅಡಿಯಲ್ಲಿ ಗಾಳಿಗುಳ್ಳೆ ಉಳಿದರೆ ಅಲ್ಲಿ ಗೆರೆ ಕಡಿದಂತೆಯೇ. ತಾಮ್ರದ ಮೇಲೆ ತೆಳ್ಳಗೆ ನೀರು ಚಿಮುಕಿಸಿ ಫಿಲ್ಮ್ ಕೂರಿಸಿ, ನೀರನ್ನು ಒತ್ತಿ ತೆಗೆದು, ಆಮೇಲೆ ಲ್ಯಾಮಿನೇಟರ್‌ಗೆ ಹಾಕಿದರೆ ಗುಳ್ಳೆ ಕಮ್ಮಿ. ಇಷ್ಟೂ ಕೆಲಸ ಹಳದಿ ದೀಪದಲ್ಲಿ ಆಗಬೇಕು. ಕಿಟಕಿಯ ಬೆಳಕು ಸೋಕಿದರೂ ಫಿಲ್ಮ್ ಹಾಳು.

ಇಲ್ಲಿ ಇಂಕ್‌ಜೆಟ್ ಪ್ರಿಂಟರ್ ಧಾರಾಳವಾಗಿ ನಡೆಯುತ್ತದೆ, ಅದಕ್ಕೆ ತಕ್ಕ ಪಾರದರ್ಶಕ ಹಾಳೆ ಬೇಕಷ್ಟೆ. ಕಪ್ಪು ಸಾಲದಿದ್ದರೆ ಎರಡು ಹಾಳೆ ಒಂದರ ಮೇಲೊಂದು ಜೋಡಿಸಿ. ಪ್ರಿಂಟ್ ಆದ ಮೈ ಫಿಲ್ಮಿಗೇ ತಾಗಿಕೊಂಡಿರಬೇಕು, ಮೇಲೆ ಗಾಜು ಹೇರಿ ಒತ್ತಿಡಬೇಕು. ಶಾಯಿ ಮೇಲ್ಮೈಗಿದ್ದರೆ ಹಾಳೆಯ ದಪ್ಪದಲ್ಲಿ ಬೆಳಕು ಪಕ್ಕಕ್ಕೆ ನುಸುಳಿ ಗೆರೆಯ ಅಂಚು ಮಸುಕಾಗುತ್ತದೆ. ಬಹಳ ಸಲ ಜನ ಫಿಲ್ಮನ್ನು ಬೈಯುವುದು ಈ ಒಂದು ಕಾರಣಕ್ಕೆ.

ಬೆಳಕು ಎಷ್ಟು ಹೊತ್ತು? 365ರಿಂದ 405 ನ್ಯಾನೋಮೀಟರ್‌ನ ಯುವಿ ಎಲ್‌ಇಡಿ ಸಾಕು, ಆದರೆ ಹೊತ್ತನ್ನು ಬೇರೆಯವರಿಂದ ಕೇಳಿ ಬರೆದುಕೊಳ್ಳಬೇಡಿ. ದೀಪದ ಶಕ್ತಿ, ದೂರ, ಹಾಳೆ ಎಲ್ಲಾ ಬೇರೆಬೇರೆ. ಒಂದು ಉದ್ದನೆಯ ತುಂಡಿಗೆ ಫಿಲ್ಮ್ ಅಂಟಿಸಿ, ಮೇಲೆ ರಟ್ಟು ಮುಚ್ಚಿ, ಹತ್ತು ಹತ್ತು ಸೆಕೆಂಡಿಗೆ ಒಂದೊಂದು ಬೆರಳಗಲ ಸರಿಸುತ್ತಾ ಹೋಗಿ. ತೊಳೆದಾಗ ಯಾವ ಪಟ್ಟಿಯಲ್ಲಿ ಗೆರೆ ಗಟ್ಟಿಯಾಗಿ ನಿಂತು, ಸಂದು ಚೊಕ್ಕವಾಗಿ ಬಿಟ್ಟಿದೆಯೋ ಅದೇ ನಿಮ್ಮ ಹೊತ್ತು. ಡ್ರೈ ಫಿಲ್ಮ್ ಡೆವಲಪ್ ಮಾಡಲು ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ವಾಷಿಂಗ್ ಸೋಡಾ, ಉಗುರುಬೆಚ್ಚಗೆ. ಕೊನೆಗೆ ಫಿಲ್ಮ್ ತೆಗೆಯಲು ಕಾಸ್ಟಿಕ್ ಸೋಡಾ ದ್ರಾವಣ. ಕಾಸ್ಟಿಕ್ ಕಣ್ಣಿಗೆ ಬಿದ್ದರೆ ಅನಾಹುತ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಯಾವತ್ತೂ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು.

ಒಮ್ಮೆ ಹದ ಸಿಕ್ಕಿದರೆ 0.2 ಮಿ.ಮೀ. ಗೆರೆ, ಸಂದು ಮನೆಯಲ್ಲೇ ಬರುತ್ತವೆ. ಅದೇ ದೀಪದಲ್ಲಿ ಯುವಿ ಸೋಲ್ಡರ್ ಮಾಸ್ಕ್ (ಬೇಡದ ಕಡೆ ಬೆಸುಗೆ ಅಂಟದಂತೆ ತಡೆಯುವ ಲೇಪನ) ಹಚ್ಚಿ ಗಟ್ಟಿ ಮಾಡಿಕೊಳ್ಳಬಹುದು. ಮಾಸ್ಕ್ ಇದ್ದರೆ 0.5 ಮಿ.ಮೀ. ಐಸಿಗೆ ಬೆಸುಗೆ ಹಾಕುವಾಗ ಕಾಲುಗಳು ಒಂದಕ್ಕೊಂದು ಅಂಟಿಕೊಳ್ಳುವ ಕಾಟ ಎಷ್ಟೋ ಕಮ್ಮಿ.

ಕರಗಿಸುವ ದ್ರಾವಣ ಯಾವುದು?

ಟೋನರ್ ಆಗಲಿ ಫಿಲ್ಮ್ ಆಗಲಿ, ತಾಮ್ರ ಕರಗಿಸಲೇಬೇಕು. ಫೆರಿಕ್ ಕ್ಲೋರೈಡ್ ಹಳೆಯದು, ನಂಬಿಕೆಯದು. ನಿಧಾನ, ಬಟ್ಟೆ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಸ್ಟೀಲ್ ಸಿಂಕನ್ನೂ ತಿನ್ನುತ್ತದೆ. ಕಂದು ಬಣ್ಣದ್ದಾದ್ದರಿಂದ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು ಟ್ರೇ ಅಲ್ಲಾಡಿಸುತ್ತಿದ್ದರೆ ಬೇಗ ಆಗುತ್ತದೆ. ಸೋಡಿಯಂ ಪರ್‌ಸಲ್ಫೇಟ್ ಸ್ವಚ್ಛವಾಗಿರುತ್ತದೆ, ಬೋರ್ಡ್ ಕಾಣುತ್ತದೆ, ಆದರೆ ಬಿಸಿ ಬೇಕೇಬೇಕು. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದು ಎಲ್ಲಕ್ಕಿಂತ ವೇಗ. ಅದರ ಹೊಗೆ ಮಾತ್ರ ಕೆಟ್ಟದ್ದು. ಸುತ್ತಲಿನ ಕಬ್ಬಿಣದ ಸಾಮಾನೆಲ್ಲ ತುಕ್ಕು ಹಿಡಿಯುತ್ತದೆ, ಶ್ವಾಸಕೋಶ ಬಿಡುತ್ತದಾ? ಬಯಲಿನಲ್ಲಿ ಕೆಲಸ ಮಾಡುವ ಅನುಕೂಲ ಇಲ್ಲದಿದ್ದರೆ ಅದರ ಸಹವಾಸ ಬೇಡ. ಮೊದಲ ಬೋರ್ಡಿಗೆ ಫೆರಿಕ್ ಕ್ಲೋರೈಡ್ ತೆಗೆದುಕೊಳ್ಳಿ ಅನ್ನುವುದು ನನ್ನ ಮಾತು.

ಪೆರಾಕ್ಸೈಡ್ ಇಲ್ಲವೇ ಪರ್‌ಸಲ್ಫೇಟ್ ಇರುವ ದ್ರಾವಣವನ್ನು ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಇಡಬೇಡಿ, ಅನಿಲ ಬಂದು ಬಾಟಲಿ ಸಿಡಿಯಬಹುದು. ಬಳಸಿದ ದ್ರಾವಣದಲ್ಲಿ ಕರಗಿದ ತಾಮ್ರ ಇರುತ್ತದೆ. ಮೀನು ಮತ್ತು ನೀರಿನ ಜೀವಿಗಳಿಗೆ ಅದು ವಿಷ. ಚರಂಡಿಗೆ ಸುರಿಯಲೇಬಾರದು. ಹೆಸರು ಬರೆದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಇಷ್ಟನ್ನು ಮಾಡಲು ಮನಸ್ಸಿಲ್ಲದಿದ್ದರೆ ರಾಸಾಯನಿಕದ ದಾರಿ ಬಿಟ್ಟು ಮುಂದಿನ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಸಿಎನ್‌ಸಿ ಕೆತ್ತನೆ

3018 ಮಾದರಿಯ ಥರದ ಸಣ್ಣ ಮೆಷಿನ್ ಈಗಾಗಲೇ ಇದ್ದರೆ ಖಂಡಿತ ಪ್ರಯತ್ನಿಸಿ. ಪಿಸಿಬಿಗೋಸ್ಕರವೇ ಕೊಳ್ಳುವುದಾದರೆ ಎರಡು ಸಲ ಯೋಚಿಸಿ. ತಾಮ್ರ ಕೊರೆಯುವುದು, ತೂತು ಹಾಕುವುದು, ಅಂಚು ಕತ್ತರಿಸುವುದು ಎಲ್ಲಾ ಒಂದೇ ಕಡೆ ಆಗುತ್ತದೆ ಅನ್ನುವುದು ದೊಡ್ಡ ಲಾಭ. ಕೈಯಲ್ಲಿ ಹಿಡಿದು 0.8 ಮಿ.ಮೀ. ಡ್ರಿಲ್ ಬಿಟ್‌ಗಳನ್ನು ಮುರಿದುಕೊಂಡವರಿಗೆ ಇದರ ಬೆಲೆ ಗೊತ್ತು.

ತೊಂದರೆ ಇರುವುದು ಆಳದಲ್ಲಿ. ಕೆತ್ತುವ ಬಿಟ್ಟಿನ ತುದಿ ವಿ ಆಕಾರದ್ದು. ಆಳ ಜಾಸ್ತಿಯಾದಷ್ಟೂ ಗೀರು ಅಗಲವಾಗುತ್ತದೆ. 60 ಡಿಗ್ರಿ ಬಿಟ್‌ನಲ್ಲಿ ಆಳ 0.1 ಮಿ.ಮೀ. ಹೆಚ್ಚಾದರೆ ಅಗಲ 0.115 ಮಿ.ಮೀ. ಹೆಚ್ಚುತ್ತದೆ. 30 ಡಿಗ್ರಿಯದ್ದಾದರೆ 0.054 ಮಾತ್ರ. ಬೋರ್ಡ್ ಯಾವತ್ತೂ ಪೂರ್ತಿ ಸಮತಟ್ಟಾಗಿರುವುದಿಲ್ಲ, ಹಾಗಾಗಿ ಒಂದು ಮೂಲೆಯಲ್ಲಿ ಗೆರೆ ಸಣಕಲಾಗಿ, ಇನ್ನೊಂದು ಮೂಲೆಯಲ್ಲಿ ಸಂದೇ ಬಿಡದೆ ಹೋಗುತ್ತದೆ. ಇದಕ್ಕೆ ಆಟೋ ಲೆವೆಲಿಂಗ್ ಬೇಕು. ಬಿಟ್‌ನ ತುದಿ ತಾಮ್ರಕ್ಕೆ ತಾಗಿದ ಕೂಡಲೇ ವಿದ್ಯುತ್ ಸಂಪರ್ಕ ಆಗುತ್ತದಲ್ವಾ, ಅದನ್ನೇ ಬಳಸಿ ಸಾಫ್ಟ್‌ವೇರ್ ಬೋರ್ಡಿನ ಏರಿಳಿತವನ್ನು ಅಳೆದುಕೊಳ್ಳುತ್ತದೆ. ಇದಿಲ್ಲದೆ ಕೆತ್ತಲು ಹೋಗಬೇಡಿ.

ಎಫ್‌ಆರ್‌-4 ಬೋರ್ಡ್ ಗಾಜಿನ ನಾರಿನದ್ದು. ಅದರ ದೂಳು ಎದೆಗೆ ಹೋಗಬಾರದು. ಮುಖಕ್ಕೆ ಮಾಸ್ಕ್ ಬೇಕು, ದೂಳು ಎಳೆಯುವ ವ್ಯಾಕ್ಯೂಮ್ ಬೇಕು. ಕಾಗದದ ಎಫ್‌ಆರ್‌-1 ಬೋರ್ಡ್ ಕೆತ್ತನೆಗೆ ಮೆತ್ತಗೆ, ಬಿಟ್ ಜಾಸ್ತಿ ದಿನ ಬಾಳುತ್ತದೆ. ಆದರೆ ಬೆಸುಗೆಯ ಬಿಸಿ ಹೆಚ್ಚಾದರೆ ಪ್ಯಾಡ್ ಎದ್ದು ಬರುತ್ತದೆ.

ಫ್ಯಾಕ್ಟರಿಯಲ್ಲಿ ಮಾಡಿಸುವುದು

ಜೆಎಲ್‌ಸಿಪಿಸಿಬಿ, ಪಿಸಿಬಿವೇ, ಓಎಸ್‌ಎಚ್ ಪಾರ್ಕ್, ಐಸ್ಲರ್ (Aisler ಅನ್ನುವ ಕಂಪನಿ) ಹೀಗೆ ಹವ್ಯಾಸಿಗಳಿಗೆ ಸಣ್ಣ ಸಂಖ್ಯೆಯಲ್ಲಿ ಮಾಡಿಕೊಡುವವರು ಹಲವರಿದ್ದಾರೆ. ಕೀಕ್ಯಾಡ್‌ನಂಥ ಉಚಿತ ಸಾಫ್ಟ್‌ವೇರ್‌ನಿಂದ ಗರ್ಬರ್ ಫೈಲ್ (ಬೋರ್ಡಿನ ಪ್ರತಿ ಪದರದ ನಕ್ಷೆ) ತೆಗೆದು ಕಳಿಸಿದರೆ ಮಾಸ್ಕ್, ಅಕ್ಷರ, ಒಳಗೆ ತಾಮ್ರ ಲೇಪಿಸಿದ ತೂತುಗಳ ಸಮೇತ ಬರುತ್ತದೆ. 0.15 ಮಿ.ಮೀ. ಗೆರೆ ಅವರಿಗೆ ಮಾಮೂಲಿ. ಓಎಸ್‌ಎಚ್ ಪಾರ್ಕಿನವರು ಮೂರರ ಗುಂಪಿನಲ್ಲಿ ಕೊಡುತ್ತಾರೆ, ಬೇರೆ ಎಷ್ಟೋ ಕಡೆ ಕನಿಷ್ಠ ಐದು. ಗುಣಮಟ್ಟದಲ್ಲಿ ಮನೆಯ ಬೋರ್ಡ್ ಇದಕ್ಕೆ ಸಾಟಿಯಲ್ಲ, ಅದನ್ನು ಒಪ್ಪಿಕೊಳ್ಳೋಣ.

ಹಾಗಾದರೆ ಮನೆಯಲ್ಲಿ ಯಾಕೆ ಮಾಡಬೇಕು? ಬೆಳಗ್ಗೆ ಬರೆದದ್ದನ್ನು ಸಂಜೆ ಬೆಸುಗೆ ಹಾಕಿ ನೋಡಬಹುದು. ತಪ್ಪಿದ್ದರೆ ಮರುದಿನ ತಿದ್ದಬಹುದು. ಪೋಸ್ಟಿಗೆ ಕಾಯುತ್ತಾ ಕೂರಬೇಕಿಲ್ಲ. ಕಲಿಯುವುದಕ್ಕೂ ಇದಕ್ಕಿಂತ ಒಳ್ಳೆಯ ದಾರಿ ಕಾಣೆ. ಗೆರೆಯ ಅಗಲ, ಸಂದು, ತೂತಿನ ಸುತ್ತಲಿನ ತಾಮ್ರ ಇವೆಲ್ಲ ಪರದೆಯ ಮೇಲಿನ ಅಂಕಿಗಳಾಗಿ ಉಳಿಯದೆ ಕೈಗೆ ಸಿಗುತ್ತವೆ.

ಮನೆಯೋ ಫ್ಯಾಕ್ಟರಿಯೋ ಅಂತ ನಾನು ತೀರ್ಮಾನಿಸುವುದು ವಯಾಗಳ, ಅಂದರೆ ಎರಡು ಪದರಗಳನ್ನು ಜೋಡಿಸುವ ತೂತುಗಳ, ಲೆಕ್ಕದಲ್ಲಿ. ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಹೋಗುವ ಪ್ರತಿ ತೂತಿಗೂ ಮನೆಯಲ್ಲಿ ತಂತಿ ತೂರಿಸಿ ಎರಡೂ ಕಡೆ ಬೆಸುಗೆ ಹಾಕಬೇಕು. ಐದಾರು ಇದ್ದರೆ ಸರಿ. ಮೂವತ್ತು ನಲವತ್ತು ಇದ್ದರೆ ಸುಮ್ನೆ ಫೈಲ್ ಕಳಿಸಿಬಿಡಿ. ಕಳಿಸುವ ಮುಂಚೆ ಲೇಔಟನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ಹಾಕಿ, ಕೈಯಲ್ಲಿರುವ ಭಾಗಗಳನ್ನು ಅದರ ಮೇಲೆ ಇಟ್ಟು ನೋಡಿ. ಕನೆಕ್ಟರ್ ಕಾಲುಗಳ ಅಳತೆ ತಪ್ಪಿರುವುದು ಇಲ್ಲೇ ಸಿಕ್ಕಿಬೀಳುತ್ತದೆ.

ಈಗ ಫೋಟೋ: ಯಾವಾಗ?

ಸಾಧನ ಯಾವುದು ಅನ್ನುವುದಕ್ಕಿಂತ ಯಾವ ಹಂತದಲ್ಲಿ ಅನ್ನುವುದು ಮುಖ್ಯ. ಟೋನರ್ ಅಂಟಿದ ಮೇಲೆ ಅಥವಾ ಫಿಲ್ಮ್ ಡೆವಲಪ್ ಆದ ಮೇಲೆ, ಎಚಿಂಗಿಗೆ ಮುಂಚೆ ಒಂದು ತೆಗೆಯಿರಿ. ಈ ಹಂತದಲ್ಲಿ ತಪ್ಪು ಸಿಕ್ಕರೆ ಮಾರ್ಕರ್‌ನಿಂದ ತಿದ್ದಬಹುದು, ಬ್ಲೇಡಿನಿಂದ ಕೆರೆಯಬಹುದು, ಬೇಡವೆನಿಸಿದರೆ ಒರೆಸಿ ಮತ್ತೆ ಶುರು ಮಾಡಬಹುದು. ಎಚಿಂಗ್ ಆದ ಮೇಲೆ, ಟೋನರ್ ಅಥವಾ ಫಿಲ್ಮ್ ತೆಗೆಯುವ ಮುಂಚೆ ಇನ್ನೊಂದು. ತಾಮ್ರ ಉಳಿದಿರುವುದು ಕಂಡರೆ ಬೋರ್ಡನ್ನು ಮತ್ತೆ ದ್ರಾವಣಕ್ಕೆ ಹಾಕಬಹುದು. ಟೋನರ್ ತೆಗೆದ ಮೇಲೆ ಕಂಡರೆ ಆ ಅವಕಾಶ ಹೋಯಿತು, ಬ್ಲೇಡ್ ಹಿಡಿದು ಕೂರಬೇಕು. ಬೆಸುಗೆಗೆ ಮುಂಚಿನದ್ದು ಮೂರನೆಯದು, ಅದು ದಾಖಲೆಗೆ.

ಕೆಳಗಿನಿಂದ ಬೆಳಕು

ಒಂದೇ ಬದಿಯ ಬೋರ್ಡಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎಫ್‌ಆರ್‌-4 ಅರೆಪಾರದರ್ಶಕ. ಬೋರ್ಡನ್ನು ಒರೆಸಿ ಒಣಗಿಸಿ ಎಲ್‌ಇಡಿ ಪ್ಯಾನೆಲ್ ಮೇಲೋ, ಬಿಳಿ ಬಣ್ಣ ತೋರಿಸುತ್ತಿರುವ ಟ್ಯಾಬ್ಲೆಟ್ ಮೇಲೋ ಇಟ್ಟು, ಕೋಣೆಯ ದೀಪ ಆರಿಸಿ. ತಾಮ್ರ ಅಚ್ಚ ಕಪ್ಪಾಗಿ, ಉಳಿದದ್ದು ಬೆಳಗುತ್ತಾ ಕಾಣುತ್ತದೆ. ಗೆರೆಯಲ್ಲಿ ಸೂಜಿಮೊನೆಯ ತೂತಿದ್ದರೆ ಚುಕ್ಕಿಯಾಗಿ ಹೊಳೆಯುತ್ತದೆ. ಬಿರುಕಿದ್ದರೆ ಬೆಳಕಿನ ಎಳೆಯೊಂದು ಗೆರೆಯನ್ನು ಅಡ್ಡ ಕಡಿದಂತೆ ತೋರುತ್ತದೆ. ಎರಡು ಪ್ಯಾಡ್ ನಡುವೆ ತಾಮ್ರ ಉಳಿದಿದ್ದರೆ ಕಪ್ಪು ಸೇತುವೆ. ಮೇಲಿನಿಂದ ಬೆಳಕು ಹಾಕಿದಾಗ ತಾಮ್ರದ ಹೊಳಪಿನಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಹೀಗೆ ಫೋನಿನಲ್ಲಿ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ಸಾಲುಸಾಲಾಗಿ ನೋಡುತ್ತಾ ಹೋಗಿ. ಅನುಮಾನ ಬಂದ ಕಡೆ ಮಲ್ಟಿಮೀಟರ್‌ನ ಬೀಪ್ ಇಟ್ಟು ಖಚಿತ ಮಾಡಿಕೊಳ್ಳಿ. ಎರಡು ಬದಿಯ ಬೋರ್ಡಿನಲ್ಲಿ ಎರಡೂ ಕಡೆಯ ನೆರಳು ಬೆರೆಯುತ್ತದೆ, ಅಲ್ಲಿ ಇದರ ಉಪಯೋಗ ಅರ್ಧ.

ಸ್ಕ್ಯಾನರ್

ಬೆಸುಗೆ ಹಾಕದ ಬರಿಯ ಬೋರ್ಡಿಗೆ ಫ್ಲಾಟ್‌ಬೆಡ್ ಸ್ಕ್ಯಾನರೇ ನನ್ನ ಮೊದಲ ಆಯ್ಕೆ. ಓರೆ ಆಗುವುದಿಲ್ಲ, ಅಳತೆ ನಿಜವಾಗಿರುತ್ತದೆ, ಕೈ ಅಲುಗಾಟದ ಮಾತಿಲ್ಲ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಒಂದು ಪಿಕ್ಸೆಲ್ ಅಂದರೆ 0.042 ಮಿ.ಮೀ. 0.15 ಮಿ.ಮೀ. ಗೆರೆಗೆ ಮೂರೂವರೆ ಪಿಕ್ಸೆಲ್ ಮಾತ್ರ ಸಿಗುತ್ತದೆ, ಸಾಲದು. 1200ರಲ್ಲಿ ಏಳು ಸಿಗುತ್ತದೆ, ಅದು ಸರಿ. 100×80 ಮಿ.ಮೀ. ಬೋರ್ಡಿಗೆ 1200 ಡಿಪಿಐನಲ್ಲಿ ಸುಮಾರು 18 ಮೆಗಾಪಿಕ್ಸೆಲ್ ಚಿತ್ರ ಬರುತ್ತದೆ.

ಸ್ಕ್ಯಾನರ್‌ಗಳಲ್ಲಿ ಎರಡು ಜಾತಿ. ತೆಳ್ಳಗಿನ, ಹಗುರವಾದವು ಸಾಮಾನ್ಯವಾಗಿ ಸಿಐಎಸ್. ಗಾಜಿಗೆ ಒತ್ತಿಕೊಂಡಿದ್ದು ಮಾತ್ರ ಸ್ಪಷ್ಟ, ಸ್ವಲ್ಪ ಎತ್ತರ ಹೋದರೂ ಮಸುಕು. ದಪ್ಪನೆಯ ಸಿಸಿಡಿ ಸ್ಕ್ಯಾನರ್‌ನಲ್ಲಿ ಕೆಲವು ಮಿಲಿಮೀಟರ್ ಎತ್ತರದವರೆಗೂ ಚೆನ್ನಾಗಿ ಬರುತ್ತದೆ. ಬೆಸುಗೆ ಹಾಕಿದ ಬೋರ್ಡ್ ಸ್ಕ್ಯಾನ್ ಮಾಡಬೇಕು ಅಂದರೆ ಸಿಸಿಡಿಯೇ ಬೇಕು. ಕತ್ತರಿಸಿದ ಕಾಲುಗಳು ಗಾಜನ್ನು ಗೀರದಂತೆ ಅಡಿಗೆ ಪಾರದರ್ಶಕ ಹಾಳೆ ಹಾಸಿ.

ಸ್ಕ್ಯಾನರ್‌ನ ದೀಪ ಒಂದೇ ಬದಿಯಿಂದ ಓರೆಯಾಗಿ ಬೀಳುತ್ತದೆ. ಹಾಗಾಗಿ ಬೋರ್ಡನ್ನು 90 ಡಿಗ್ರಿ ತಿರುಗಿಸಿ ಎರಡನೆಯ ಸಲ ಸ್ಕ್ಯಾನ್ ಮಾಡಿ. ಮೊದಲನೆಯದರಲ್ಲಿ ಕಾಣದ ಗೀರು, ಬಿರುಕು ಎರಡನೆಯದರಲ್ಲಿ ಕಾಣಬಹುದು.

ಸ್ಕ್ಯಾನರ್ ಇರುವವರು ಒಂದು ಕೆಲಸ ತಪ್ಪದೆ ಮಾಡಿ. ಲೇಔಟನ್ನು ಅದೇ 1200 ಡಿಪಿಐನಲ್ಲಿ ಚಿತ್ರವಾಗಿ ತೆಗೆಯಿರಿ. ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಸ್ಕ್ಯಾನ್ ಮೇಲೆ ಅದನ್ನು ಇನ್ನೊಂದು ಲೇಯರ್ ಆಗಿ ಇಟ್ಟು, ಎರಡು ದೂರದ ತೂತುಗಳನ್ನು ಹೊಂದಿಸಿ, ಲೇಯರ್ ಮೋಡನ್ನು ಡಿಫರೆನ್ಸ್‌ಗೆ ಹಾಕಿ. ಎರಡನ್ನೂ ಮೊದಲು ಕಪ್ಪು ಬಿಳುಪಿಗೆ ತಂದುಕೊಂಡರೆ ಒಂದೇ ಥರ ಇರುವ ಜಾಗವೆಲ್ಲ ಕಪ್ಪಾಗಿ, ಬೇರೆ ಇರುವುದು ಮಾತ್ರ ಬೆಳ್ಳಗೆ ಉಳಿಯುತ್ತದೆ.

ಫೋನ್

ಎಲ್ಲರ ಕೈಯಲ್ಲೂ ಇರುವುದು ಇದೇ. ಬೆಸುಗೆ ಹಾಕಿದ ಬೋರ್ಡ್ ತೋರಿಸಲು ಫೋನ್ ಧಾರಾಳವಾಗಿ ಸಾಕು, ಆದರೆ ತೀರಾ ಹತ್ತಿರ ಹಿಡಿಯಬೇಡಿ. 12 ಮಿ.ಮೀ. ಎತ್ತರದ ಕೆಪಾಸಿಟರ್ ಒಂದನ್ನು 10 ಸೆಂ.ಮೀ. ದೂರದಿಂದ ತೆಗೆದರೆ ಅದರ ತಲೆ ಬುಡಕ್ಕಿಂತ ಶೇಕಡ 14ರಷ್ಟು ದೊಡ್ಡದಾಗಿ, ಹೊರಕ್ಕೆ ವಾಲಿದಂತೆ ಬರುತ್ತದೆ. 40 ಸೆಂ.ಮೀ. ದೂರಕ್ಕೆ ಹೋದರೆ ಶೇಕಡ 3 ಮಾತ್ರ. ಹಿಂದೆ ಸರಿದು 2 ಅಥವಾ 3 ಪಟ್ಟು ಜೂಮ್ ಹಾಕಿ. ಹತ್ತಿರ ಹೋದಾಗ ತಾನಾಗಿಯೇ ಮ್ಯಾಕ್ರೋ ಮೋಡಿಗೆ ಹೋಗುವ ಫೋನುಗಳು ಬಹಳಷ್ಟು ಸಲ ಅಗಲ ಲೆನ್ಸಿಗೆ ಜಿಗಿಯುತ್ತವೆ, ಅಂಚುಗಳು ಬಾಗುತ್ತವೆ. ಆ ಮೋಡನ್ನು ಆಫ್ ಮಾಡಿ.

ಫೋನ್ ಬೋರ್ಡಿಗೆ ಸಮಾನಾಂತರವಾಗಿದೆಯೇ ಅಂತ ತಿಳಿಯಲು ಸುಲಭ ಉಪಾಯ ಇದೆ. ಬೋರ್ಡ್ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬ ಕಂಡರೆ ಸರಿಯಾಗಿದೆ. ಆಮೇಲೆ ಕನ್ನಡಿ ತೆಗೆದು ಬೋರ್ಡ್ ಇಡಿ.

ಮ್ಯಾಕ್ರೋ ಲೆನ್ಸಿನ ಕ್ಯಾಮೆರಾ

ಇದ್ದರೆ ಬಳಸಿ. ಬೋರ್ಡ್ ಫೋಟೋಗೋಸ್ಕರವೇ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 72 ಮಿ.ಮೀ. ಅಗಲದ ಬೋರ್ಡ್ ತುಂಬುವಂತೆ ಇಟ್ಟು ಎಫ್ 8 ಅಪರ್ಚರ್‌ನಲ್ಲಿ (ಲೆನ್ಸಿನ ಕಿಂಡಿಯ ಅಳತೆ) ತೆಗೆದರೆ ಸುಮಾರು 3 ಮಿ.ಮೀ. ಆಳ ಸ್ಪಷ್ಟವಾಗಿ ಬರುತ್ತದೆ. ಐಸಿಗಳಿಗೆ ಸಾಕು, ಕೆಪಾಸಿಟರ್‌ಗಳಿಗೆ ಸಾಲದು. ಎಫ್ 22ಕ್ಕೆ ಹೋದರೆ, ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆದುವಾಗುತ್ತದೆ. ಬದಲಿಗೆ ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಫೋಟೋ ತೆಗೆದು ಒಟ್ಟು ಸೇರಿಸುವುದು ವಾಸಿ. ಯುಎಸ್‌ಬಿ ಮೈಕ್ರೋಸ್ಕೋಪ್ ಒಂದೊಂದು ಬೆಸುಗೆ ನೋಡಲು ಚೆನ್ನ, ಇಡೀ ಬೋರ್ಡಿಗೆ ಆಗಿಬರುವುದಿಲ್ಲ.

ಬೆಳಕಿನ ಆಯ್ಕೆ

ಬರಿಯ ತಾಮ್ರ ಕನ್ನಡಿಯಂತೆಯೇ ವರ್ತಿಸುತ್ತದೆ. ಎದುರಿಗೆ ಕಪ್ಪು ಫೋನ್ ಇದ್ದರೆ ತಾಮ್ರವೂ ಕಪ್ಪು. ಬಿಳಿ ರಟ್ಟಿನಲ್ಲಿ ಲೆನ್ಸಿನಷ್ಟೇ ತೂತು ಮಾಡಿ, ಅದರೊಳಗಿಂದ ತೆಗೆದು, ರಟ್ಟಿಗೆ ಬೆಳಕು ಹಾಯಿಸಿ. ತಾಮ್ರ ತನ್ನ ಬಣ್ಣದಲ್ಲೇ ಒಂದೇ ಸಮ ಕಾಣುತ್ತದೆ. ಮಾಸ್ಕ್ ಇರುವ ಹಸಿರು ಬೋರ್ಡಿಗೆ ಎರಡು ಕಡೆಯಿಂದ 45 ಡಿಗ್ರಿ ಓರೆಯಲ್ಲಿ, ಟ್ರೇಸಿಂಗ್ ಪೇಪರ್ ಅಡ್ಡ ಇಟ್ಟು ಬೆಳಕು ಹಾಕಿದರೆ ಹೊಳಪು ಲೆನ್ಸಿಗೆ ಬೀಳುವುದಿಲ್ಲ. ದೀಪಕ್ಕೂ ಲೆನ್ಸಿಗೂ ಪೋಲರೈಸರ್ ಫಿಲ್ಟರ್ ಹಾಕಿ ಅಡ್ಡ ತಿರುಗಿಸಿದರೆ ಮಾಸ್ಕಿನ ಹೊಳಪು ಪೂರ್ತಿ ಹೋಗಿ ಅಡಿಯ ಗೆರೆಗಳು ಚೆನ್ನಾಗಿ ಕಾಣುತ್ತವೆ. ಆದರೆ ಬೆಸುಗೆ, ಪ್ಯಾಡ್‌ಗಳೆಲ್ಲ ಕಪ್ಪಗಾಗುತ್ತವೆ, ಏಕೆಂದರೆ ಲೋಹದಿಂದ ಬರುವುದೆಲ್ಲ ಆ ಹೊಳಪೇ. ಗೆರೆ ಪತ್ತೆ ಹಚ್ಚಲು ಇದು ಸರಿ, ಬೆಸುಗೆ ತೋರಿಸಲು ಬೇಡ. ಐಸಿ ಮೇಲಿನ ಮಾಸಿದ ಅಕ್ಷರ ಓದಬೇಕಾದರೆ ಟಾರ್ಚನ್ನು ಬೋರ್ಡಿನ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಹಾಯಿಸಿ, ನಿಧಾನಕ್ಕೆ ಸುತ್ತ ತಿರುಗಿಸಿ. ಒಂದು ಕೋನದಲ್ಲಿ ಅಕ್ಷರ ಎದ್ದು ಬರುತ್ತದೆ.

ತೆಗೆಯುವ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಬೆರಳಚ್ಚು ಬಿದ್ದ ತಾಮ್ರ ಬೇಗ ಕಪ್ಪಿಡುತ್ತದೆ, ಹಾಗಾಗಿ ತೊಳೆದ ದಿನವೇ ಫೋಟೋ ಆಗಿಬಿಡಲಿ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಒಂದನ್ನು ಬೋರ್ಡಿನ ಎತ್ತರಕ್ಕೇ ಇಡಿ.

ಹಳೆಯ ಬೋರ್ಡ್ ರಿಪೇರಿಗೆ ಸರ್ಕ್ಯೂಟ್ ಪತ್ತೆ ಮಾಡುವುದಾದರೆ ಹಿಂಬದಿಯ ಚಿತ್ರವನ್ನು ಎಡಬಲ ಉಲ್ಟಾ ಮಾಡಿ, ಮುಂಬದಿಯ ಮೇಲೆ ಇಟ್ಟು, ಮೂಲೆಯ ತೂತುಗಳನ್ನು ಹೊಂದಿಸಿ, ಅರ್ಧ ಪಾರದರ್ಶಕ ಮಾಡಿ. ಎರಡೂ ಬದಿಯ ಗೆರೆಗಳು ಒಟ್ಟಿಗೆ ಕಾಣುತ್ತವೆ. ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಒಂದೊಂದು ಬದಿಗೆ ಒಂದೊಂದು ಬಣ್ಣದಲ್ಲಿ ಗೆರೆ ಎಳೆಯುತ್ತಾ ಹೋಗಬಹುದು. ಮೂಲ ಚಿತ್ರವನ್ನು ಪಿಎನ್‌ಜಿ ಅಥವಾ ಟಿಫ್ ಆಗಿಯೇ ಉಳಿಸಿಕೊಳ್ಳಿ. ಜೆಪೆಗ್‌ಗೆ ಹಾಕಿ ತುಂಬಾ ಕುಗ್ಗಿಸಿದರೆ ಗೆರೆಗಳ ಅಂಚಿನಲ್ಲಿ ಕಲೆ ಬಂದು, ಸಣ್ಣ ಸಂದು ಯಾವುದು, ಕಲೆ ಯಾವುದು ಅಂತ ಹೇಳಲು ಬರುವುದಿಲ್ಲ.